ಬಿಟ್ಟ ಒಂದು ಗೇಣು

ಪರದೇಶದ ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಹೊಲಿಗೆ ಕೋಣೆ ಇದೆ ಎಂಬುದು ಮೇಲಿನ ಆರು ಮಹಡಿಯವರಿಗೆ ಗೊತ್ತೇ ಇಲ್ಲ. ಹರಿದ ಹೊದಿಕೆ, ಲಾಡಿ ಕಿತ್ತ ರೋಗಿಗಳ ಗೌನು, ಅಂಚು ಬಿಟ್ಟ ಪರದೆ ಎಲ್ಲವೂ ಬೆಳಗ್ಗೆ ತಳ್ಳುಗಾಡಿಯಲ್ಲಿ ಕೆಳಗಿಳಿಯುತ್ತವೆ, ಸಂಜೆಗೆ ಸರಿಯಾಗಿ ಮೇಲೇರುತ್ತವೆ. ಇದನ್ನು ಹೊಲಿದವರು ಯಾರಪ್ಪಾ ಎಂದು ಈ ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿದ್ದಿಲ್ಲ. ಕೇಳದಿದ್ದರೆ ಬೇಡ ಬಿಡಿ. ಹೊಲಿಗೆ ಕಣ್ಣಿಗೆ ಕಾಣಬಾರದು, ಅದೇ ಕಸುಬಿನ ಮೊದಲ ಪಾಠ ಎಂದು ನಮ್ಮ ಟೈಲರ್ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಅವತ್ತು ಕ್ರಿಸ್‌ಮಸ್. ಆ ದೇಶದಲ್ಲಿ ಅದಕ್ಕೆ ರಜೆಯಿಲ್ಲ. ಆದರೂ ಅವನು ಸಮವಸ್ತ್ರದ ಒಳಗೆ ಹೊಸ ಅಂಗಿ ತೊಟ್ಟಿದ್ದ. ಅದರ ಕಾಲರು ಮಾತ್ರ ಹೊರಗೆ ಇಣುಕುತ್ತಿತ್ತು. ಕಾಲರಿಗೆ ಹಾಕುವ ಗಟ್ಟಿ ಕ್ಯಾನ್ವಾಸಿನಲ್ಲಿ ಒಂದು ನಕ್ಷತ್ರ ಕತ್ತರಿಸಿ ಮೆಷಿನ್ನಿನ ದೀಪಕ್ಕೆ ತೂಗುಹಾಕಿದ್ದ. ಬೆಳಗ್ಗೆ ಸೂಪರ್‌ವೈಸರಮ್ಮ ಬಂದು ಅದರ ಮುಂದೆ ನಿಂತು, "ಇದೇನು?" ಎಂದಿದ್ದಳು. "ಇವತ್ತು ನಮ್ಮ ಹಬ್ಬ" ಎಂದು ಅವನು ಅವಳ ಭಾಷೆಯಲ್ಲಿ ತನಗೆ ಬಂದಷ್ಟು ಹೇಳಿದ್ದ. ಆಕೆ ಗೌನುಗಳ ರಾಶಿಯನ್ನು ಅವನ ಮೇಜಿನ ಮೇಲೆ ಹಾಕಿ ಹೋದಳು. ಎದುರಿನವರ ಮಾತನ್ನು ಅರ್ಧಕ್ಕೇ ಕತ್ತರಿಸುವ ಹೆಂಗಸು ಆಕೆ. ಕೋಣೆಯವರೆಲ್ಲ ಬೆನ್ನ ಹಿಂದೆ 'ದೊಡ್ಡ ಕತ್ತರಿ' ಎಂದೇ ಕರೆಯುತ್ತಿದ್ದರು.

ಟೈಲರನ ಜೀವವೆಲ್ಲ ಹತ್ತೂವರೆ ಗಂಟೆಯ ಮೇಲಿತ್ತು. ಇಲ್ಲಿ ಹತ್ತೂವರೆಯಾದರೆ ಮನೆಯಲ್ಲಿ ಬೆಳಗಿನ ಎಂಟು. ಚಹಾದ ಬಿಡುವು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಅವನ ಕ್ರಿಸ್‌ಮಸ್ ಹುಟ್ಟಿ, ಬೆಳೆದು, ಮುಗಿಯಬೇಕು.

ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು, ಅವನ ಅಪ್ಪನ ಕಾಲದಿಂದ ಬಂದದ್ದು. ಅಪ್ಪನೂ ಟೈಲರೇ. ಮನೆಯವರ ಕ್ರಿಸ್‌ಮಸ್ ಬಟ್ಟೆಯನ್ನು ಎಲ್ಲ ಹೊಲಿದು, ಕೆಳಗಿನ ಅಂಚಿನಲ್ಲಿ ಒಂದು ಗೇಣು ಮಾತ್ರ ಹಾಗೇ ಬಿಡುವುದು. ಹಬ್ಬದ ಬೆಳಗ್ಗೆ ಬಟ್ಟೆ ತೊಟ್ಟವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ತಾನು ಮೊಣಕಾಲೂರಿ ಕೂತು, ಆ ಗೇಣನ್ನು ಕೈಹೊಲಿಗೆಯಲ್ಲಿ ಮುಗಿಸುವುದು. ಮೈಮೇಲಿನ ಬಟ್ಟೆಗೆ ಸೂಜಿ ಹಾಕಬಾರದು ಕಣೋ ಎಂದು ಅಜ್ಜಿ ಗೊಣಗಿದರೆ ಅಪ್ಪನ ಉತ್ತರ ಸಿದ್ಧವಾಗಿರುತ್ತಿತ್ತು: "ಗಿರಾಕಿ ಬಟ್ಟೆ ಮೆಷಿನ್ನಲ್ಲಿ ಮುಗೀಲಿ ಬಿಡವ್ವ. ಮನೆಯವರ ಬಟ್ಟೆ ಮೈಮೇಲೇ ಮುಗೀಬೇಕು."

ಪರದೇಶಕ್ಕೆ ಬಂದ ಮೇಲೂ ಟೈಲರ್ ಇದನ್ನು ಬಿಟ್ಟಿರಲಿಲ್ಲ. ಪ್ರತಿವರ್ಷ ನವೆಂಬರಿನಲ್ಲಿ, ಪಾಳಿ ಮುಗಿದ ಮೇಲೆ ಅನುಮತಿ ಕೇಳಿಕೊಂಡು ಇದೇ ಮೆಷಿನ್ನಿನಲ್ಲಿ ಮಗಳಿಗೊಂದು ಫ್ರಾಕು ಹೊಲಿಯುತ್ತಿದ್ದ. ಅಂಚಿನಲ್ಲಿ ಒಂದು ಗೇಣು ಬಿಟ್ಟು, ಅಲ್ಲೇ ದಾರ ಪೋಣಿಸಿದ ಸೂಜಿ ಚುಚ್ಚಿ, ಪಾರ್ಸೆಲ್ ಕಳಿಸುತ್ತಿದ್ದ. ಹಬ್ಬದ ಬೆಳಗ್ಗೆ ಮಗಳು ಸ್ಟೂಲು ಹತ್ತುವುದು, ಅವಳಮ್ಮ ಸೂಜಿ ಹಿಡಿಯುವುದು, ಇವನು ಫೋನಿನೊಳಗಿಂದ "ಸಣ್ಣದಾಗಿ ಹಾಕೇ, ಗೋಣಿಚೀಲ ಅಲ್ಲ ಅದು" ಎಂದು ರೇಗಿಸುವುದು. ಮಗಳಿಗೆ ಈಗ ಹನ್ನೊಂದು. ಸದಾ ಕಿಚಕಿಚ ಎನ್ನುವ ಅವಳನ್ನು ಮನೆಯಲ್ಲಿ ಕರೆಯುವುದು ಗುಬ್ಬಿ ಎಂದು.

ಅಳತೆ? ಎರಡು ವರ್ಷದ ಹಿಂದೆ ರಜೆಗೆ ಹೋದಾಗ ತೆಗೆದದ್ದು ಅಳತೆ ಪುಸ್ತಕದಲ್ಲಿತ್ತು. ಅದಕ್ಕೆ ವರ್ಷಕ್ಕೆ ಉದ್ದದಲ್ಲಿ ಎರಡು ಇಂಚು, ಎದೆಗೆ ಒಂದಿಂಚು ಕೂಡಿಸುತ್ತಿದ್ದ. ಮಗಳನ್ನು ಅವನು ಪುಸ್ತಕದಲ್ಲೇ ಬೆಳೆಸುತ್ತಿದ್ದ ಎನ್ನಿ. ಎಲ್ಲಿ ತಪ್ಪೀತೋ ಎಂಬ ಅನುಮಾನಕ್ಕೆ ಪಕ್ಕದ ಹೊಲಿಗೆಗಳ ಒಳಗೆ ಒಂದೂವರೆ ಇಂಚು ಹೆಚ್ಚಿನ ಬಟ್ಟೆ ಮಡಚಿಡುತ್ತಿದ್ದ. ಪ್ರತಿ ಸಲವೂ ಹೆಂಡತಿ, "ಎಷ್ಟು ಸರಿಯಾಗಿ ಕೂತಿದೆ ಗೊತ್ತೇನ್ರೀ, ಎದುರಿಗೆ ನಿಲ್ಲಿಸಿಕೊಂಡು ಹೊಲಿದ ಹಾಗಿದೆ" ಎನ್ನುತ್ತಿದ್ದಳು. ಆ ಮಾತು ಕೇಳಿದ ದಿನ ಅವನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಹತ್ತೂವರೆಗೆ ಸರಿಯಾಗಿ ಬಟ್ಟೆಮೂಟೆಗಳ ಹಿಂದೆ ಕೂತು ಫೋನು ಹಚ್ಚಿದ. ಹೆಂಡತಿಯ ಮುಖ, ಅದರ ಹಿಂದೆ ತನ್ನ ಹಳೇ ಹೊಲಿಗೆ ಮೆಷಿನ್ನು. ಅದಕ್ಕೆ ಬಿಳಿ ಬಟ್ಟೆ ಹೊದಿಸಿ ಮೇಲೆ ಗೋದಲಿ ಇಟ್ಟಿದ್ದರು: ಕುರಿ, ಕುರುಬರು, ಮರಿಯಮ್ಮ, ಜೋಸೆಫ, ತೊಟ್ಟಿಲಲ್ಲಿ ಕೂಸು. ಹಬ್ಬದ ಮಾತು ಆಯಿತು. "ಎಲ್ಲಿ ನಮ್ಮ ಗುಬ್ಬಿ? ಸ್ಟೂಲು ಹತ್ತಿಸು, ಹೊತ್ತಾಗ್ತಿದೆ."

ಗುಬ್ಬಿ ಬಂದಳು. ತಿಳಿನೀಲಿ ಫ್ರಾಕು, ಬಿಳಿ ಕಾಲರು. "ಹ್ಯಾಪಿ ಕ್ರಿಸ್‌ಮಸ್ ಅಪ್ಪಾ!" ನಗು ಕಿವಿಯಿಂದ ಕಿವಿಗೆ. ಆದರೆ ಪರದೆಯಲ್ಲಿ ಕಂಡದ್ದು ಎದೆಯವರೆಗೆ ಮಾತ್ರ.

"ಸ್ಟೂಲು?"

"ಅಂಚು ಆಗಲೇ ಹೊಲಿದುಬಿಟ್ಟೆ ಕಣ್ರೀ" ಎಂದಳು ಹೆಂಡತಿ. "ಚರ್ಚಿಗೆ ಹೊತ್ತಾಗುತ್ತೆ ಅಂತ ನಿನ್ನೇನೇ ಮುಗಿಸಿದೆ."

ಟೈಲರನಿಗೆ ಚುರ್ ಎಂದಿತು. ಪ್ರಾರ್ಥನೆ ಶುರುವಾಗುವುದು ಒಂಬತ್ತೂವರೆಗೆ, ಚರ್ಚು ಇರುವುದು ಬೀದಿಯ ತುದಿಯಲ್ಲಿ, ಯಾವ ಹೊತ್ತು ಮೀರಿತ್ತು? ನಾಲ್ಕು ವರ್ಷದಿಂದ ಅವನ ಪಾಲಿಗೆ ಉಳಿದದ್ದೇ ಆ ಒಂದು ಗೇಣು. ಅದನ್ನೂ ಕಿತ್ತುಕೊಂಡರೆ ಇನ್ನೇನು ಉಳಿಯಿತು, ಮಣ್ಣಂಗಟ್ಟಿ?

"ಹೊಲಿದಿದ್ರೆ ತೋರಿಸು. ಫೋನು ಕೆಳಗೆ ಹಿಡಿ."

"ಚೆನ್ನಾಗೇ ಬಂದಿದೆ ಬಿಡಿ…"

"ಚೆನ್ನಾಗಿದ್ರೆ ತೋರಿಸೋಕೇನು? ಅಂಚು ನೋಡದೆ ಫೋನಿಡಲ್ಲ ನಾನು."

ಅವನ ಧ್ವನಿ ಏರಿದ್ದಕ್ಕೆ ಗುಬ್ಬಿ ತಾನೇ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಈಗ ಪೂರ್ತಿ ಕಂಡಳು. ಟೈಲರ್ ಅಂಚು ನೋಡಿದ. ಬಲಗಡೆ ಮೇಲೆ, ಎಡಗಡೆ ಕೆಳಗೆ. ಒಂದಿಂಚು ಓರೆ.

ಮೊದಲು ಅವನಿಗೆ ಬಂದದ್ದು ನಾಚಿಕೆ. ಇಪ್ಪತ್ತೆರಡು ವರ್ಷದ ಕೈ, ಮಗಳ ಫ್ರಾಕನ್ನೇ ಓರೆ ಕತ್ತರಿಸಿತಲ್ಲ! ಎಲ್ಲಿ ಜಾರಿತು ಕತ್ತರಿ? "ಥೂ, ನನ್ನ ಕೈಗಿಷ್ಟು…" ಎಂದುಕೊಳ್ಳುತ್ತ ಕಣ್ಣನ್ನು ಅಂಚಿನಿಂದ ಮೇಲಕ್ಕೆ ತಂದ. ಸೊಂಟದ ಹೊಲಿಗೆ ಓರೆ. ತೋಳಿನ ಹೊಲಿಗೆ ಓರೆ. ಕಾಲರಿನ ಎರಡು ತುದಿ ಒಂದೇ ಸಮ ಇರಲಿಲ್ಲ. ಒಂದು ಕಡೆ ತಪ್ಪು ಕತ್ತರಿಸಬಹುದು. ಎಲ್ಲ ಕಡೆಯೂ ಒಂದೇ ದಿಕ್ಕಿಗೆ ತಪ್ಪು ಕತ್ತರಿಸಲು ಯಾವ ಟೈಲರನಿಗೂ ಆಗುವುದಿಲ್ಲ. ಬಟ್ಟೆ ನೆಟ್ಟಗಿತ್ತು.

"ಗುಬ್ಬಿ, ತಿರುಗಿ ನಿಲ್ಲು ಪುಟ್ಟಾ" ಎಂದ ಮೆಲ್ಲಗೆ.

ಅವಳು ಅಮ್ಮನ ಮುಖ ನೋಡಿದಳು. ಗುಬ್ಬಿ ತಿರುಗಿದಳು. ಬಲಭುಜ ಮೇಲೇರಿತ್ತು, ಆ ಕಡೆಯ ಹೆಗಲಿನ ಎಲುಬು ಫ್ರಾಕನ್ನು ಹೊರಗೆ ನೂಕಿತ್ತು, ಎಡಸೊಂಟ ಒಳಗೆ ಹೋಗಿತ್ತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಅವನು ಎಷ್ಟು ಸಲ ಬೇರೆಯವರಿಗೆ ಹೇಳಿರಲಿಲ್ಲ? ತನ್ನ ಮಗಳೇ ತನಗೆ ದೂರದ ಬೆಟ್ಟವಾಗಿದ್ದಳು.

"ಯಾವಾಗಿನಿಂದ?"

"ವರ್ಷದ ಮೇಲಾಯ್ತು" ಎಂದಳು ಹೆಂಡತಿ. "ಬೆನ್ನುಮೂಳೆ ಬಾಗ್ತಿದೆ ಅಂದ್ರು ಡಾಕ್ಟರು. ಬೆಳೆಯೋ ವಯಸ್ಸಲ್ಲಿ ಕೆಲವು ಮಕ್ಕಳಿಗೆ ಬರುತ್ತಂತೆ. ಬೆಲ್ಟು ಕೊಟ್ಟಿದ್ದಾರೆ. ಬೆಳವಣಿಗೆ ನಿಲ್ಲೋ ತನಕ ಹಾಕಬೇಕು, ಸ್ನಾನಕ್ಕೆ ಮಾತ್ರ ತೆಗೀಬೇಕು."

"ಈಗ ಹಾಕಿಲ್ಲವಲ್ಲ?"

ಉತ್ತರ ಬಂದದ್ದು ಗುಬ್ಬಿಯಿಂದ. "ಬೆಲ್ಟ್ ಮೇಲೆ ನಿನ್ನ ಫ್ರಾಕ್ ಹತ್ತಲ್ಲ ಅಪ್ಪಾ. ಜಿಪ್ ಬರಲ್ಲ. ಅದಕ್ಕೆ ಫೋನ್ ಮಾಡೋವಾಗ ಬೆಲ್ಟ್ ತೆಗೀತೀನಿ. ಆಮೇಲೆ ಮತ್ತೆ ಹಾಕ್ಕೊಂಡು ದೊಡ್ಡ ಜುಬ್ಬ ಹಾಕ್ತೀನಿ."

"ಚರ್ಚಿಗೆ?"

"ಜುಬ್ಬದಲ್ಲೇ ಹೋಗೋದು."

"ಹೋದ ವರ್ಷದ ಫ್ರಾಕು?"

"ಅದೂ ಫೋನಿಗೆ ಮಾತ್ರ ಅಪ್ಪಾ. ಆಗ ಇಷ್ಟು ಓರೆ ಇರಲಿಲ್ಲ, ನಿನಗೆ ಗೊತ್ತಾಗ್ಲಿಲ್ಲ."

ಎರಡು ಹಬ್ಬದಿಂದ ಟೈಲರ್ ಫ್ರಾಕು ಹೊಲಿದದ್ದು ಫೋನಿಗೆ, ಮಗಳಿಗಲ್ಲ. ಮತ್ತೆ ಸಿಟ್ಟು ಬಂತು ನೋಡಿ, ಅಳುವ ಗಂಡಸಿಗೆ ಮೊದಲು ಬರುವುದು ಅದೇ ತಾನೆ.

"ನಾನು ಸತ್ತು ಹೋಗಿದ್ನೇನೇ? ಹೆತ್ತ ಅಪ್ಪನಿಗೆ ಒಂದು ಮಾತು ಹೇಳ್ಬೇಕು ಅಂತ ಅನ್ನಿಸಲಿಲ್ವಾ ನಿನಗೆ? ನನ್ನನ್ನ ಗೋಡೆ ಮೇಲಿನ ಫೋಟೋ ಮಾಡಿಟ್ಟೆಯಲ್ಲ!"

ಹೆಂಡತಿ ಕಣ್ಣೊರೆಸಿಕೊಳ್ಳಲಿಲ್ಲ, ದನಿ ಎತ್ತಲೂ ಇಲ್ಲ. "ಹೇಳಿದ್ರೆ ಏನ್ ಮಾಡ್ತಿದ್ರಿ? ಅಲ್ಲಿ ನೀವು ಅಳ್ತಿದ್ರಿ, ಇಲ್ಲಿ ನಾನು ಅಳ್ತಿದ್ದೆ. ಮಗು ಯಾರ ಮುಖ ನೋಡಬೇಕಿತ್ತು? ನಾನು ಎಷ್ಟೋ ಸಲ ಹೇಳೋಕೆ ಹೊರಟೆ. ಇವಳೇ ಬಿಡಲಿಲ್ಲ. 'ನಿನ್ನ ಅಳತೆ ತಪ್ಪು ಅಂತ ಅಪ್ಪಂಗೆ ಹೇಳಬೇಡಮ್ಮಾ, ಅಪ್ಪ ಆಮೇಲೆ ಹೊಲಿಯೋದೇ ಬಿಟ್ಟುಬಿಡ್ತಾನೆ' ಅಂತ ಅತ್ತಳು."

ಗುಬ್ಬಿ ಕ್ಯಾಮೆರಾಗೆ ಇನ್ನೂ ಬೆನ್ನು ಮಾಡಿಯೇ ನಿಂತಿದ್ದಳು. "ನನ್ನಿಂದ ನಿನ್ನ ಫ್ರಾಕ್ ಕೆಟ್ಟೋಯ್ತಾ ಅಪ್ಪಾ?" ಎಂದು ಗೋಡೆಗೆ ಕೇಳಿದಳು. "ಎರಡು ಭುಜ ಬೇರೆ ಬೇರೆ ಇದ್ರೆ ಹೊಲಿಯೋಕೇ ಆಗಲ್ಲ ಅಲ್ವಾ?"

ಟೈಲರ್ ಫೋನನ್ನು ಮುಖದ ಹತ್ತಿರ ತಂದ.

"ಇಲ್ಲಿ ಕೇಳು ಗುಬ್ಬಿ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರ ಭುಜಕ್ಕೆ ಟೇಪು ಹಿಡಿದಿದ್ದೀನಿ ನಾನು. ಮದುವೆ ಗಂಡುಗಳು, ಮೇಷ್ಟ್ರು, ಪೊಲೀಸರು, ನಮ್ಮ ಚರ್ಚಿನ ಫಾದರ್. ಎರಡೂ ಭುಜ ಸಮ ಇರೋ ಒಬ್ಬನನ್ನೂ ನೋಡಿಲ್ಲ ನಾನು. ಒಬ್ಬೊಬ್ಬರಿಗೆ ಒಂದೊಂದು ಓರೆ. ಯಾರಿಗೂ ಹೇಳಲ್ಲ ನಾವು, ಸುಮ್ಮನೆ ಬಟ್ಟೇಲಿ ಸರಿ ಮಾಡ್ತೀವಿ. ಟೈಲರ್ ಇರೋದೇ ಅದಕ್ಕೆ."

"ಫಾದರ್‌ಗೂನಾ?" ಗುಬ್ಬಿ ತಿರುಗಿದಳು.

"ಅವರದ್ದು ಎಡಗಡೆ ಮುಕ್ಕಾಲು ಇಂಚು ಕೆಳಗೆ. ಯಾರಿಗೂ ಹೇಳಬೇಡ."

ಅವಳು ಮೂಗು ಸೊರಗುಟ್ಟಿಸಿ ನಕ್ಕಳು. ಅವನು ಗಡಿಯಾರ ನೋಡಿದ. ಅಲ್ಲಿ ಎಂಟೂ ಕಾಲು. ಪ್ರಾರ್ಥನೆಗೆ ಇನ್ನೂ ಒಂದೂ ಕಾಲು ಗಂಟೆಯಿತ್ತು. ಇವನ ಬಿಡುವು ಮುಗಿಯಲು ಐದೇ ನಿಮಿಷ. ಹೋಗಲಿ ಅತ್ತ, ಬೈದರೆ ಬೈಸಿಕೊಂಡರಾಯಿತು.

"ಬೆಲ್ಟು ಹಾಕು. ಇವತ್ತು ಇದೇ ಫ್ರಾಕಲ್ಲಿ ಹೋಗ್ತೀಯ ನೀನು. ಲೇ, ಮೆಷಿನ್ನು ತೆಗಿ."

"ಮೆಷಿನ್ ಮೇಲೆ ಗೋದಲಿ ಇದೆಯಲ್ರೀ!"

"ಎತ್ತಿ ಮಂಚದ ಮೇಲಿಡು. ಮೊದಲನೇ ಕ್ರಿಸ್‌ಮಸ್ಸಿಗೂ ಪಾಪ ಅವರಿಗೆ ಜಾಗ ಸಿಕ್ಕಿರಲಿಲ್ಲ. ಅವರೇನೂ ಬೇಜಾರು ಮಾಡ್ಕೊಳಲ್ಲ."

ಕುರಿಗಳು ದಿಂಬಿನ ಮೇಲೆ ಹೋದವು. ಕೂಸನ್ನು ಗುಬ್ಬಿ ಕಿಟಕಿಯ ಅಂಚಿಗೆ ಇಟ್ಟು ಬೆಲ್ಟು ತೊಟ್ಟು ಬಂದಳು. ಟೈಲರ್ ಅದನ್ನು ಮೊದಲ ಸಲ ನೋಡಿದ: ಬಿಳಿ ಗಟ್ಟಿ ಪ್ಲಾಸ್ಟಿಕ್ಕು, ಒಂದು ಕಡೆ ಕಂಕುಳವರೆಗೆ ಏರಿದ್ದು, ಹಿಂದೆ ಮೂರು ಪಟ್ಟಿ. ಅದರೊಳಗೆ ತನ್ನ ಕೂಸು. ಬೆನ್ನ ಕಡೆ ಲಾಡಿ ಕಟ್ಟುವ ಗೌನುಗಳನ್ನು ನಾಲ್ಕು ವರ್ಷದಿಂದ ಸಾವಿರಗಟ್ಟಲೆ ಹೊಲಿದಿದ್ದ. ಒಂದರೊಳಗೂ ಯಾರ ಬೆನ್ನಿರುತ್ತದೆ ಎಂದು ಯೋಚಿಸಿರಲಿಲ್ಲ. ದುಃಖ ಉಕ್ಕಿ ಬಂತು. ಅಳುವುದಕ್ಕೆ ಈಗ ಹೊತ್ತಿಲ್ಲ ಎಂದು ಅದನ್ನು ಅದುಮಿ ಪೆನ್ಸಿಲ್ ತೆಗೆದುಕೊಂಡ. "ಟೇಪು ಹಿಡಿ. ಎಡಭುಜದಿಂದ ಸೊಂಟಕ್ಕೆ ಎಷ್ಟು? ಈಗ ಬಲಭುಜದಿಂದ?" ಹೆಂಡತಿ ಓದಿ ಹೇಳಿದಳು. ಅವನು ಅಳತೆ ಪುಸ್ತಕದ ಹಾಳೆಯ ನಡುವೆ ಒಂದು ಗೆರೆ ಎಳೆದು ಎರಡೂ ಕಡೆ ಬರೆದುಕೊಂಡ.

"ಪಕ್ಕದ ಹೊಲಿಗೆ ಬಿಚ್ಚು. ಬ್ಲೇಡು ಒಳಮುಖ ಹಿಡಿ. ಒಳಗೆ ಬಟ್ಟೆ ಮಡಚಿಟ್ಟಿದ್ದೀನಿ ನೋಡು. ಬಲಗಡೆ ಪೂರ್ತಿ ಬಿಡು, ಎಡಗಡೆ ಅರ್ಧ ಬಿಡು."

"ಹಳೇ ಹೊಲಿಗೆ ಗುರುತು ಕಾಣುತ್ತೆ ಕಣ್ರೀ."

"ಕಾಣಲಿ."

ಅಷ್ಟರಲ್ಲಿ ಬೆನ್ನ ಹಿಂದೆ ಚಪ್ಪಲಿ ಸದ್ದು. ದೊಡ್ಡ ಕತ್ತರಿ! ಬಿಡುವು ಮುಗಿದು ಹತ್ತು ನಿಮಿಷವಾಗಿತ್ತು. ಟೈಲರ್ ಎದ್ದು ನಿಂತ, ಹೇಳಬೇಕೆಂದಿದ್ದ ಪರಭಾಷೆಯೆಲ್ಲ ಮರೆತುಹೋಯಿತು. "ಮಗಳು" ಎಂದಷ್ಟೇ ಹೇಳಿ ಫೋನು ತೋರಿಸಿದ. ಆಕೆ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಪರದೆಯಲ್ಲಿ ಗುಬ್ಬಿ ಬೆಲ್ಟಿನ ಮೇಲೆ ಬಿಚ್ಚಿದ ಫ್ರಾಕು ಹಿಡಿದು ನಿಂತಿದ್ದಳು, ಅಮ್ಮ ಅಲ್ಲಲ್ಲಿ ಗುಂಡುಪಿನ್ನು ಚುಚ್ಚುತ್ತಿದ್ದಳು.

"ಎಡಗಡೆ ಇನ್ನೂ ಅರ್ಧ ಇಂಚು ಬಿಡಿಸು" ಎಂದಳು ದೊಡ್ಡ ಕತ್ತರಿ. "ಮಗು ಕೂತುಕೊಳ್ಳಬೇಡವೇ?"

ಟೈಲರ್ ನಾಲಿಗೆ ಕಚ್ಚಿಕೊಂಡ. ಹೌದಲ್ಲ! ನಿಂತ ಮಗುವಿಗೆ ಅಳತೆ ಹಾಕಿದ್ದ. ಚರ್ಚಿನಲ್ಲಿ ಕೂರಬೇಕು, ಏಳಬೇಕು, ಮೊಣಕಾಲೂರಬೇಕು. ಅವನು ತಿರುಗಿ ನೋಡುವಷ್ಟರಲ್ಲಿ ಆಕೆ ಅವನ ಮೇಜಿನ ಗೌನುಗಳ ರಾಶಿಯನ್ನು ಎತ್ತಿ ತನ್ನ ಮೇಜಿಗೆ ಹಾಕಿಕೊಂಡಿದ್ದಳು.

ಅಲ್ಲಿ ಹಳೇ ಮೆಷಿನ್ನು ಕಟಕಟ ಎಂದಿತು. ಎಣ್ಣೆ ಕಾಣದೆ ಎಷ್ಟು ದಿನವಾಗಿತ್ತೋ, ಆದರೂ ಓಡಿತು. ಹೆಂಡತಿಯ ಹೊಲಿಗೆ ಎರಡು ಕಡೆ ಸೊಟ್ಟ ಹೋಯಿತು; ಬೇರೆ ದಿನವಾಗಿದ್ದರೆ ಇವನು ಸುಮ್ಮನಿರುತ್ತಿರಲಿಲ್ಲ. ಒಂಬತ್ತಕ್ಕೆ ಫ್ರಾಕು ಬೆಲ್ಟಿನ ಮೇಲೆ ಹತ್ತಿತು. ಜಿಪ್ಪು ಬಂತು. ಗುಬ್ಬಿ ಸ್ಟೂಲು ಹತ್ತಿದಳು.

"ಈಗ ಅಂಚು. ಪೂರ್ತಿ ಬಿಚ್ಚಿಬಿಡು. ಭುಜದಿಂದ ಅಳೀಬೇಡ, ಸ್ಟೂಲಿನ ಹಲಗೆಯಿಂದ ಮೇಲಕ್ಕೆ ಅಳಿ. ಸುತ್ತಲೂ ಒಂದೇ ಅಳತೆ ಬರಬೇಕು. ಮೈ ಹೇಗೇ ಇರಲಿ, ನೆಲ ಎಲ್ಲರಿಗೂ ನೆಟ್ಟಗೇ ಇರುತ್ತೆ."

ಹೆಂಡತಿ ಮೊಣಕಾಲೂರಿ ಸೂಜಿ ಹಿಡಿದಳು. ಫೋನನ್ನು ನೆಲದ ಮೇಲೆ ಗೋಡೆಗೆ ಒರಗಿಸಿದ್ದಳು. ಟೈಲರನಿಗೆ ಅಂಚು, ಎರಡು ಪುಟ್ಟ ಪಾದ, ಹೆಂಡತಿಯ ಕೈ ಇಷ್ಟೇ ಕಾಣುತ್ತಿತ್ತು. ಆ ಕೈ ಎಷ್ಟು ಸೊರಗಿದೆ ಎಂದು ಆಗ ಗಮನಿಸಿದ. "ಒಬ್ಬಳೇ ಹೊತ್ತೆಯಲ್ಲೇ ಇಷ್ಟು ದಿನ" ಎಂದ. ಅವಳು ಹೊಲಿಗೆ ನಿಲ್ಲಿಸದೆಯೇ ತೋಳಿನಿಂದ ಕಣ್ಣೊರೆಸಿಕೊಂಡಳು.

ಚರ್ಚಿನ ಗಂಟೆ ಹೊಡೆಯಿತು. ಅಂಚು ಇನ್ನೂ ಒಂದು ಗೇಣು ಉಳಿದಿತ್ತು.

"ಒಂದೇ ನಿಮಿಷ, ಮುಗಿಸಿಬಿಡ್ತೀನಿ" ಎಂದಳು ಹೆಂಡತಿ.

"ಬೇಡಮ್ಮಾ." ಗುಬ್ಬಿ ಸ್ಟೂಲಿನಿಂದ ಇಳಿದುಬಿಟ್ಟಳು. "ಅದನ್ನ ಹಾಗೇ ಬಿಡು. ಅದು ಅಪ್ಪಂದು. ಬಂದು ಹೊಲೀತಾನೆ." ಆಮೇಲೆ ಫೋನಿನ ಹತ್ತಿರ ಮುಖ ತಂದು, "ಬರ್ತೀಯ ಅಲ್ವಾ ಅಪ್ಪಾ? ನಾನು ಹೊಲಿಸಿಕೊಳಲ್ಲ ಅಲ್ಲೀವರೆಗೂ."

"ಬರ್ತೀನಿ" ಎಂದ. ಅಷ್ಟು ಹೇಳುವುದರಲ್ಲಿ ಅವನ ಹೊಸ ಕಾಲರು ಒದ್ದೆಯಾಗಿತ್ತು.

ಹತ್ತು ನಿಮಿಷದ ಮೇಲೆ ಒಂದು ಫೋಟೋ ಬಂತು. ಈ ಒಂದು ವರ್ಷದಲ್ಲಿ ಬಂದ ಫೋಟೋಗಳೆಲ್ಲ ಮುಂದಿನಿಂದ ತೆಗೆದವು, ಎದೆಯವರೆಗೆ. ಇದು ಹಿಂದಿನಿಂದ ತೆಗೆದದ್ದು. ಗುಬ್ಬಿ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದಾಳೆ. ಭುಜ ಓರೆ, ಬೆನ್ನಲ್ಲಿ ಬೆಲ್ಟಿನ ಉಬ್ಬು, ಪಕ್ಕದಲ್ಲಿ ಬಿಚ್ಚಿದ ಹೊಲಿಗೆಯ ಗುರುತು ಎಲ್ಲ ಕಾಣುತ್ತಿತ್ತು. ಅಂಚು ಮಾತ್ರ, ಹೊಲಿಯದ ಆ ಒಂದು ಗೇಣು ಬಿಟ್ಟು, ಗೆರೆ ಹೊಡೆದ ಹಾಗೆ ನೆಟ್ಟಗಿತ್ತು.

ಟೈಲರ್ ಅದನ್ನು ಹಿಡಿದುಕೊಂಡು ಸೂಪರ್‌ವೈಸರಮ್ಮನ ಮೇಜಿಗೆ ಹೋದ. ಆಕೆ ಅವನದೇ ಗೌನಿಗೆ ಲಾಡಿ ಹಚ್ಚುತ್ತಿದ್ದಳು. ಫೋಟೋ ನೋಡಿ, ಎರಡು ಬೆರಳಿಂದ ದೊಡ್ಡದು ಮಾಡಿ, ಹುಬ್ಬು ಗಂಟಿಕ್ಕಿದಳು. ಕಸುಬಿನ ಕಣ್ಣಿಗೆ ಏನು ತಪ್ಪೀತು?

"ಇಲ್ಲಿ ಒಂದು ಗೇಣು ಹೊಲಿದೇ ಇಲ್ಲವಲ್ಲ."

"ಇಲ್ಲ" ಎಂದ ಟೈಲರ್. "ಅದನ್ನು ಹೊಲಿಯಲು ನನಗೆ ರಜೆ ಬೇಕು."

ಆಕೆ ಅವನನ್ನೂ ಫೋಟೋವನ್ನೂ ಒಮ್ಮೆ ನೋಡಿದಳು. ಹಲ್ಲಿನಿಂದ ದಾರ ಕಡಿದು, ಮೇಜಿನ ಖಾನೆ ಎಳೆದು, ರಜೆ ಅರ್ಜಿಯ ಒಂದು ಹಾಳೆಯನ್ನೂ ಪೆನ್ನನ್ನೂ ಅವನ ಮುಂದಿಟ್ಟಳು.